ಹಳೇ ಕಂಪ್ಯೂಟರಿನ ಮಡಿ

ಕಾಲೇಜಿನ ಹಳೆಯ ಅಂಕಪಟ್ಟಿಗಳು ಮೂವತ್ತು ವರ್ಷದ ಹಿಂದಿನ ಆಪರೇಟಿಂಗ್ ಸಿಸ್ಟಮ್ ಇಲ್ಲದೆ ತೆರೆಯುತ್ತಿರಲಿಲ್ಲ. ಸಂಜೆಯೊಳಗೆ ಬೇಕೇ ಬೇಕೆಂದು ಪ್ರಿನ್ಸಿಪಾಲರು ಶೂ ಹಾಕಿದ ಕಾಲು ಅಲ್ಲಾಡಿಸುತ್ತ ಕಂಪ್ಯೂಟರ್ ಲ್ಯಾಬಿನ ನಮಿತಾಳ ಪಕ್ಕದಲ್ಲೇ ಕೂತಿದ್ದರು. ಅವಳು ತನ್ನ ಲ್ಯಾಪ್‌ಟಾಪಿನೊಳಗೆ ವರ್ಚುವಲ್ ಮಷೀನ್ ಎಂಬ ಹುಸಿ ಕಂಪ್ಯೂಟರ್ ಕಟ್ಟಿ, ಅದರಲ್ಲಿ ಹಳೆಯ ಸಿಸ್ಟಮ್ ಹಾಕಿದಳು. ಚಾಲೂ ಮಾಡಿದರೆ ಮೂರು ಸಲವೂ ಅರ್ಧಕ್ಕೇ ನಿಂತಿತು.

ನಿವೃತ್ತ ಲ್ಯಾಬ್ ಮೇಷ್ಟ್ರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು.

“ಶೂ ಹೊರಗೆ ಬಿಡಮ್ಮ. ಆಗೆಲ್ಲ ಕಂಪ್ಯೂಟರ್ ರೂಮಿಗೆ ಬರಿಗಾಲಲ್ಲೇ ಬರ್ತಿದ್ವಿ.”

“ಅದು ಧೂಳಿಗೆ ಹೆದರಿ ಮಾಡಿದ್ದು ಸರ್. ಇದು ಬರೀ ಸಾಫ್ಟ್‌ವೇರು, ಇದಕ್ಕೆಲ್ಲಿಯ ಧೂಳು?”

“ಅದು ನಿನಗೆ ಗೊತ್ತು. ಅದಕ್ಕೆ ಗೊತ್ತಾ?”

ಬೇಸತ್ತ ನಮಿತಾ ಶೂ ಬಿಚ್ಚಿ ಹೊರಗಿಟ್ಟು ಬಂದು, ನಾಲ್ಕನೇ ಸಲ ಚಾಲೂ ಮಾಡಿದಳು. ನೀಲಿ ಪರದೆ ಬೆಳಗಿ, ಅದರ ಮೇಲೆ ಒಂದೇ ಸಾಲು ಮೂಡಿತು:

“ಪ್ರಿನ್ಸಿಪಾಲರಿಗೂ ಹೇಳಮ್ಮ.”