ಹಳದಿ ಬಳಿದ ಸಾಲುಗಳು

ಹನ್ನೊಂದು ಪುಟಗಳ ತುಂಬ ಹಳದಿ ಬಳಿದಿತ್ತು. ಪ್ರೊಫೆಸರ್ ಬೆರೌನ್ ಅವನ್ನು ಇಸ್ಪೀಟು ಎಲೆಗಳಂತೆ ಒಂದೊಂದಾಗಿ ಮೇಜಿನ ಮೇಲೆ ಹರಡಿದರು.

"ಇದು ನನ್ನ ಪ್ರಬಂಧ. ಇದು ನಿನ್ನದು. ಓದು. ಗಟ್ಟಿಯಾಗಿ ಓದಮ್ಮ."

ಸೆನೈದಾ ಓದಿದಳು. "ಕಪ್ಪು ಮಸಿ ಕೊನೆಗೆ ಬೀಳಬೇಕು. ಅದು ಬೀಳುವ ತನಕ ಗುಲಾಬಿಗೂ ಹಳದಿಗೂ ತಾವು ಯಾರೆಂದು ಗೊತ್ತಿರುವುದಿಲ್ಲ. ಮುದ್ರಕ ಪ್ರತಿ ಹಾಳೆಯನ್ನೂ ಒಣಗಲು ಹಗ್ಗಕ್ಕೆ ಹಾಕುವ ಮುನ್ನ ಮೂಸಿ ನೋಡುತ್ತಾನೆ."

"ಯಾವುದರಲ್ಲಿದೆ ಇದು?"

"ಎರಡರಲ್ಲೂ ಇದೆ, ಮೇಷ್ಟ್ರೇ."

"ಎರಡರಲ್ಲೂ ಇದೆಯಂತೆ!" ಬೆರೌನ್ ಪಕ್ಕದಲ್ಲಿದ್ದ ಡಾಕ್ಟರ್ ಸಲ್ದಿವಾರ್ ಕಡೆ ತಿರುಗಿದರು. "ಕೇಳಿದ್ರಾ ಮೇಡಂ? ಮಜ್ಜಿಗೆ ಕುಡಿದಷ್ಟು ತಣ್ಣಗೆ ಹೇಳ್ತಾಳೆ."

ಮೂರನೆಯ ಪರೀಕ್ಷಕರು ಗಡಿಯಾರ ನೋಡಿಕೊಂಡರು.

ಕಲೆ, ಮಾಧ್ಯಮ ಮತ್ತು ವಿನ್ಯಾಸ ಸಂಸ್ಕೃತಿಯ ಎಂ.ಎ. ಪದವಿಗೆ ಇದು ಕೊನೆಯ ಪರೀಕ್ಷೆ. ಮೂರು ವರ್ಷ ಅವಳು ಲಿಮಾದ ಪೂರ್ವದಂಚಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಬೆಟ್ಟದ ಹಾಡುಗಾರರ ಹಾಡು-ಕುಣಿತದ ಸಂಜೆಗಳಿಗೆ ಗೋಡೆಗೋಡೆಗೂ ಅಂಟಿಸುವ, ಕಣ್ಣು ಕುಕ್ಕುವ ಬಣ್ಣದ ಪೋಸ್ಟರುಗಳು ಅವಳ ವಿಷಯ. ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವಳಪ್ಪ ಎರಾಸ್ಮೊ ಅಚ್ಚು ಹಾಕುತ್ತಿದ್ದದ್ದು ಅವನ್ನೇ. ಬೇರೆ ವಿಷಯ ತಗೋ ಎಂದು ಗೆಳತಿಯರು ಹೇಳಿದ್ದರು. ಅವಳು ಕೇಳಲಿಲ್ಲ. ಪರೀಕ್ಷಕರು ಯಾರೆಂಬುದು ಗೊತ್ತಾದದ್ದು ಕಳೆದ ವಾರ.

ನಿಯಮದ ಪ್ರಕಾರ, ಬರಹ ಕದ್ದದ್ದು ರುಜುವಾತಾದರೆ ಇಲ್ಲಷ್ಟೇ ಅಲ್ಲ, ದೇಶದ ಯಾವ ವಿಶ್ವವಿದ್ಯಾಲಯದಲ್ಲೂ ಅವಳಿಗೆ ಮತ್ತೆ ಪದವಿಯಿಲ್ಲ.

ಬಾಗಿಲಾಚೆ ಬೆಂಚಿನ ಮೇಲೆ ಅಮ್ಮ ಕೂತಿದ್ದಳು. ಪರೀಕ್ಷಕರ ಬಾಯಿ ಸಿಹಿ ಮಾಡುವುದು ಪರೀಕ್ಷೆ ಕೊಡುವವರ ಮನೆಯ ಕೆಲಸ. ತಟ್ಟೆಯ ಮೇಲೆ ಬಿಳಿ ಬಟ್ಟೆ, ಅದರಡಿ ಕೋಳಿ ಸ್ಯಾಂಡ್‌ವಿಚ್, ಹಾಲುಕೆನೆ ತುಂಬಿದ ಬಿಸ್ಕತ್ತು. "ಉಗುರು ಕಚ್ಬೇಡ್ವೇ," ಎಂದು ಬೆಳಿಗ್ಗೆ ಗದರಿದ್ದಳು. "ಅಷ್ಟು ದೊಡ್ಡೋರ ಮುಂದೆ ನಿಮ್ಮಪ್ಪನ ಹೆಸರು ಓದ್ತಾರಲ್ಲ, ಅದೊಂದು ಆದ್ರೆ ಸಾಕು ನಂಗೆ."

"ನನ್ನ ಪ್ರಬಂಧ ಓದಿದ್ದೀಯೋ ಇಲ್ವೋ?" ಬೆರೌನ್ ಕೇಳಿದರು.

"ಓದಿದ್ದೀನಿ."

"ಎಷ್ಟು ಸಲ?"

"ಬಾಯಿಪಾಠ ಬರುತ್ತೆ, ಮೇಷ್ಟ್ರೇ."

ಸಲ್ದಿವಾರ್ ಪೆನ್ನು ಕೆಳಗಿಟ್ಟರು. "ಅದು ಅಚ್ಚಾಗಿಲ್ಲ, ಗ್ರಂಥಾಲಯದಿಂದ ಹೊರಗೂ ಕೊಡಲ್ಲ. ನಿನ್ನ ಕೈಗೆ ಹೇಗೆ ಸಿಕ್ತು?"

"ನಾನು ಕೆಲಸ ಮಾಡೋದು ಹಿಂದಿನ ಬೀದೀಲಿ. ಪ್ರಬಂಧಗಳಿಗೆ ರಟ್ಟು ಹಾಕೋ ಅಂಗಡಿ."

"ಅಯ್ಯೋ, ನನ್ನದೂ ಅಲ್ಲೇ ಹಾಕಿಸಿದ್ದು!" ಬೆರೌನ್ ಮೇಜು ಗುದ್ದಿದರು. "ಬೆಕ್ಕಿನ ಕೈಗೆ ಹಾಲಿನ ಚೊಂಬು ಕೊಟ್ಟಿದ್ದೀನಿ ನೋಡಿ."

ಆರು ವರ್ಷದ ಹಿಂದಿನ ಮಾತು. ಪಾಠ ಮಾಡುವವರಿಗೂ ಎಂ.ಎ. ಆಗಿರಲೇಬೇಕೆಂದು ಕಾನೂನು ಬಿಗಿಯಾದಾಗ ತಲೆ ನರೆತ ಮೇಷ್ಟ್ರುಗಳೆಲ್ಲ ಸಾಲುಗಟ್ಟಿ ಪ್ರಬಂಧ ಒಪ್ಪಿಸಿದ್ದರು. ಆ ವರ್ಷ ಅಂಗಡಿಯಲ್ಲಿ ಊಟಕ್ಕೂ ಪುರುಸೊತ್ತಿರಲಿಲ್ಲ.

ಸಲ್ದಿವಾರ್ ಹಳದಿ ಸಾಲುಗಳನ್ನು ಮತ್ತೆ ನೋಡಿದರು. ಅವರ ದನಿ ಮೆತ್ತಗಾಯಿತು. "ಇವಳಪ್ಪ ಮುದ್ರಕರು. ನೀವೂ ಅದೇ ರಸ್ತೆಯ ಮುದ್ರಕರನ್ನ ಮಾತಾಡಿಸಿ ಬರೆದೋರು. ಇಬ್ಬರೂ ಒಬ್ಬರ ಬಾಯಿಂದಲೇ ಕೇಳಿದ್ರೆ ಕಳ್ಳತನ ಅನ್ನೋಕಾಗುತ್ತಾ?"

ಸೆನೈದಾ ತಲೆಯೆತ್ತಿದಳು.

"ಅಪ್ಪನ ಹೆಸರು?" ಬೆರೌನ್ ಕೇಳಿದರು.

"ಎರಾಸ್ಮೊ ಅಯ್ಲಾಸ್."

ಅವರು ತಮ್ಮ ಪ್ರಬಂಧದ ಒಂದು ಹಾಳೆ ಎತ್ತಿ ನೋಡಿದರು. "ಹೌದು, ನೆನಪಿದೆ. ಅವನ ಶೆಡ್ಡಲ್ಲಿ ಒಂದು ವಾರ ಕೂತಿದ್ದೆ. ಅದಕ್ಕೇನೀಗ? ಅವನು ಕೊಟ್ಟಿದ್ದು ಮಾಹಿತಿ. ವಾಕ್ಯ ನನ್ನದು. ಇವಳು ಕದ್ದಿರೋದು ವಾಕ್ಯ."

"ಹೇಗಿದ್ರು ಅಪ್ಪ?" ಸೆನೈದಾ ಕೇಳಿದಳು. "ಚೆನ್ನಾಗಿದ್ರಾ?"

"ಚೆನ್ನಾಗೇ ಇದ್ದ. ಮಗಳು ಹೀಗಾಗ್ತಾಳೆ ಅಂತ ಪಾಪ ಅವನಿಗೇನು ಗೊತ್ತಿತ್ತು."

ಅವಳು ಬೆರೌನ್ ಮುಖವನ್ನೇ ನೋಡಿದಳು. ಅಲ್ಲಿ ಸುಳ್ಳಿನ ಸುಳಿವಿರಲಿಲ್ಲ. ಕಳೆದುಕೊಂಡವರ ನೋವು ಮಾತ್ರ ಇತ್ತು.

"ಸೆನೈದಾ, ಸಮಜಾಯಿಷಿ ಏನಾದ್ರೂ ಇದ್ರೆ ಈಗ ಹೇಳಮ್ಮ," ಎಂದರು ಸಲ್ದಿವಾರ್. "ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

ಅವಳು ಬಾಯಿ ತೆರೆದಳು. ಬಾಗಿಲ ಕಡೆ ನೋಡಿದಳು.

"ಇಲ್ಲ," ಎಂದಳು.

ಕಳ್ಳತನ ರುಜುವಾತಾಯಿತೆಂಬ ಕಾಗದಕ್ಕೆ ಮೂವರೂ ಸಹಿ ಹಾಕಿದರು. ಅವಳೂ ಹಾಕಿದಳು.

ಬಾಗಿಲು ತೆರೆದದ್ದೇ ಅಮ್ಮ ಬಟ್ಟೆ ಸರಿಸಿ ತಟ್ಟೆ ಮುಂದೆ ಹಿಡಿದಳು. "ಮೊದಲು ನೀವು ತಗೊಳ್ಳಿ ಸ್ವಾಮಿ. ನನ್ನ ಮಗಳಿಗೆ ವಿದ್ಯೆ ಕೊಟ್ಟೋರು."

ಸಲ್ದಿವಾರ್ ತಲೆ ತಗ್ಗಿಸಿ ಸರಿದುಹೋದರು. ಬೇಡವೆಂದರೆ ಆ ಹೆಂಗಸಿಗೆ ನೋವಾದೀತೆಂದು ಬೆರೌನ್ ಒಂದು ಬಿಸ್ಕತ್ತು ತೆಗೆದುಕೊಂಡರು. ತಿಂದೂ ತಿಂದರು. "ತುಂಬಾ ರುಚಿಯಾಗಿದೆ ತಾಯಿ," ಎಂದರು.

"ಅಪ್ಪನ ಹೆಸರು ಓದಿದ್ರೇನೇ?" ಅಮ್ಮ ಮಗಳ ಕಿವಿಯಲ್ಲಿ ಕೇಳಿದಳು.

"ಓದಿದ್ರಮ್ಮ."

ಬೆರೌನ್ ಪ್ರಬಂಧದ ಮೊದಲ ಸಾಲು ಹುಟ್ಟುವ ಹೊತ್ತಿಗೆ ಎರಾಸ್ಮೊ ಮಣ್ಣಾಗಿ ಹತ್ತು ವರ್ಷವಾಗಿತ್ತು. ಅಂಗಡಿಯ ಹಿಂಕೋಣೆಯಲ್ಲಿ ಕೂತು, ಹೆಸರು ಹೇಳದ ಯಾರೋ ಗಿರಾಕಿಗೆಂದು, ತನ್ನ ಹೆಸರೂ ಹೇಳದೆ, ನಲವತ್ತು ದಿನದಲ್ಲಿ ಆ ಪ್ರಬಂಧವನ್ನು ಪೂರ್ತಿ ಬರೆದುಕೊಟ್ಟವಳು ಸೆನೈದಾ; ಇನ್ನೊಬ್ಬರಿಗೆ ಬರೆದುಕೊಟ್ಟವರಿಗೂ ಜನ್ಮದಲ್ಲಿ ಪದವಿಯಿಲ್ಲ ಎಂಬುದು ಅದೇ ನಿಯಮದ ಮುಂದಿನ ಸಾಲು. ತನ್ನ ಪ್ರಬಂಧಕ್ಕೆ ಅವಳು ಏನನ್ನೂ ನಕಲು ಮಾಡಿರಲಿಲ್ಲ. ಅಪ್ಪನ ಬಗ್ಗೆ ಎರಡನೇ ಸಲ ಬರೆಯಲು ಕೂತಾಗ ಬೇರೆ ಮಾತು ಹುಟ್ಟಲಿಲ್ಲ, ಅಷ್ಟೇ.