ರೂಬಿ ಆಂಟಿಯ ಬ್ಯಾಂಡು

ಈಗಲೂ ಗೆಣಸಿಗೆ ಜಾಯಿಕಾಯಿ ತುರಿದು ಓವನ್ನಿಗಿಟ್ಟರೆ, ಪರದೇಶದಲ್ಲಿ ನಾವಿದ್ದ ಕೊಲಿಂಡೇಲಿನ ಆ ಶನಿವಾರದ ಸಂಜೆ ಮನೆಯೊಳಗೆ ಬಂದುಬಿಡುತ್ತದೆ.

ಕೆಳಗಿನ ಫ್ಲಾಟಿನ ರೂಬಿ ಆಂಟಿ ಅಮೆರಿಕದಲ್ಲಿ ಕಪ್ಪು ಜನರೇ ಕಟ್ಟಿಕೊಂಡ ಕಾಲೇಜಿನಲ್ಲಿ ಓದಿದವರು. ಹಳೆಯ ವಿದ್ಯಾರ್ಥಿಗಳೆಲ್ಲ ಅಲ್ಲಿ ಸೇರುವ ದಿನ, ಇವರು ಇಲ್ಲಿ ಮರೂನ್ ಸ್ಕಾರ್ಫ್ ಸುತ್ತಿಕೊಂಡು, ಗೆಣಸಿನ ಪೈ ಮಾಡಿ, ಟೀವಿಯಲ್ಲಿ ಕಾಲೇಜಿನ ಫುಟ್‌ಬಾಲ್ ಹಾಕುತ್ತಿದ್ದರು. ಆ ಸಲ ಮೈಸೂರಿನಿಂದ ಬಂದಿದ್ದ ತಾತನನ್ನೂ ಕರೆದರು.

ಏನೂ ಅರ್ಥವಾಗದಿದ್ದರೂ ತಾತ ಮರ್ಯಾದೆಗೆ ಆಟವನ್ನೇ ನೋಡುತ್ತಿದ್ದರು. ಆಂಟಿ ಟೀವಿಗೆ ಬೆನ್ನು ಹಾಕಿ ಹರಟುತ್ತಿದ್ದರು. ವಿರಾಮ ಬಂದದ್ದೇ ತಾತ ಕೈ ತೊಳೆಯಲು ಎದ್ದರು.

"ಅಯ್ಯೋ, ಕೂತ್ಕೊಳ್ಳಿ! ಆಟ ನಡೆಯೋವಾಗ ಏಳಬೇಕು, ಈಗಲ್ಲ. ನಾವು ಕಾಯೋದೇ ಬ್ಯಾಂಡಿಗೆ!"

ಡೋಲು, ಕಹಳೆಗಳ ದಂಡು ಕುಣಿಯುತ್ತಾ ಮೈದಾನಕ್ಕೆ ನುಗ್ಗಿತು.

"ನಿಮಗೇ ಬೇರೆ ಕಾಲೇಜು ಯಾಕೆ?" ನಾನು ಕೇಳಿದೆ.

"ಬೇರೆಯವರು ಬಾಗಿಲು ತೆಗೀಲಿಲ್ಲ, ಮಗೂ."

"ಈಗ ತೆಗೀತಾರಲ್ಲ?"

"ತೆಗೀತಾರೆ. ಆದರೂ ನನ್ನ ಮೊಮ್ಮಗಳು ನಮ್ಮ ಕಾಲೇಜಿಗೇ ಹೋದಳು. ಅಗೋ, ಆ ಕಹಳೆ ಅವಳದು!"

ತಾತ ಮೆಲ್ಲಗೆ ಹೇಳಿದರು: "ಪಟ್ಟಣದಲ್ಲಿ ನಮ್ಮ ಜಾತಿಯ ಹುಡುಗರಿಗೆ ಯಾರೂ ಊಟ ಹಾಕ್ತಿರಲಿಲ್ಲ. ನಮ್ಮ ಹಿರಿಯರೇ ಒಂದು ಹಾಸ್ಟೆಲ್ ಕಟ್ಟಿದ್ರು. ನಾನು ಓದಿದ್ದು ಅಲ್ಲಿದ್ದುಕೊಂಡೇ."

ಆಂಟಿ ಅವರನ್ನೇ ನೋಡಿದರು. "ಬ್ಯಾಂಡ್ ಇತ್ತಾ?"

"ಎಲ್ಲಿಯ ಬ್ಯಾಂಡು! ತಟ್ಟೆ ಇತ್ತು."

ಎಂದವರೇ ತಾತ ಖಾಲಿ ಪೈ ತಟ್ಟೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಚಮಚ ಹಿಡಿದು, ಟೀವಿಯ ಡೋಲುಗಳ ಜೊತೆ ಸೇರಿಕೊಂಡರು.