ಹಂಚು ನೆಟ್ಟ ಗೋರಿ

ಎಲುಬು ಕಂಡೊಡನೆ ಇಸುಬು ಯಂತ್ರ ನಿಲ್ಲಿಸಿ ಕೆಳಗಿಳಿದ. ಅರಬ್ ನಾಡಿನ ಕಡಲತೀರದ ದುಕ್ಮ್‌ನ ಹೊಸ ಬಂದರಿಗೆಂದು ಅವನು ಪೈಪಿನ ಕಾಲುವೆ ತೋಡುತ್ತಿದ್ದ. ತಲೆಯ ಕಡೆ ಕಲ್ಲಿನ ಬದಲು ಒಂದು ಹಂಚು ನೆಟ್ಟಿದ್ದರು. ಮರಳು ಒರೆಸಿದಾಗ ಅದರ ಮೇಲೆ ಮಂಗಳೂರಿನ ಹೆಸರು ಕಂಡಿತು. ಇಸುಬು ಅದರ ಪಕ್ಕದ ಉಳ್ಳಾಲದವನು.

ಸುದ್ದಿ ಕೇಳಿ ಬಂದ ಅಲ್ಲಿನ ಊರಿನ ಮುದುಕ ಸಾಲಿಂ ಹಂಚಿನ ಪಕ್ಕ ಕುಳಿತ. ಹರಕು ಹಿಂದಿಯಲ್ಲಿ ಹೇಳಿದ: "ನಮ್ಮಜ್ಜನ ಕಾಲದಲ್ಲಿ ಇಲ್ಲಿ ಹಂಚಿನ ಹಡಗು ಒಡೆಯಿತು. ದಡಕ್ಕೆ ಬಂದದ್ದು ಇವನೊಬ್ಬನ ಹೆಣ. ಹೆಸರು ಗೊತ್ತಿರಲಿಲ್ಲ. ಈದ್ ದಿನ ಅಮ್ಮ ಇವನಿಗೂ ದುವಾ ಮಾಡುತ್ತಿದ್ದಳು. ಆಮೇಲೆ ಮರಳು ಮುಚ್ಚಿತು, ನಾವು ಜಾಗ ಮರೆತೆವು."

ಕಾಲುವೆಯ ದಾರಿಯಿಂದ ಗೋರಿ ಸರಿಸಲು ಅಧಿಕಾರಿಗಳ ಒಪ್ಪಿಗೆ ಸಿಕ್ಕ ಮೇಲೆ ಊರಿನ ಖಬರಸ್ಥಾನದಲ್ಲಿ ಹೊಸ ಗುಂಡಿ ತೋಡಿದರು. ಎಲುಬುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದರು. ಇಸುಬು ಬೂಟು ಬಿಚ್ಚಿ ಗುಂಡಿಗಿಳಿದು ಎರಡೂ ಕೈ ಚಾಚಿದ.

"ಇವನು ನಿನಗೇನಾಗಬೇಕು?" ಸಾಲಿಂ ಕೇಳಿದ.

"ನಮ್ಮ ಊರಿನವರು," ಎಂದ ಇಸುಬು.

ಮಣ್ಣು ಮುಚ್ಚಿದ ಮೇಲೆ ಮೊದಲು ಸಾಲಿಂ, ಅವನ ಹಿಂದೆ ಊರಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ಬಂದು, ಸತ್ತವನ ಮನೆಯವರಿಗೆ ಹೇಳುವಂತೆ ಇಸುಬುವಿನ ಕೈಹಿಡಿದು ಸಮಾಧಾನ ಹೇಳಿದರು. ರಂಜಾನಿನಲ್ಲಿ ಉಳ್ಳಾಲದಲ್ಲಿ ಹೆತ್ತ ಉಮ್ಮ ತೀರಿಕೊಂಡ ಸುದ್ದಿ ಬಂದಾಗ ಅವನು ಕ್ಯಾಂಪಿನಲ್ಲಿ ಯಾರಿಗೂ ಹೇಳದೆ ಕೆಲಸಕ್ಕೆ ಹೋಗಿದ್ದ. ಈಗ ಅಳು ತಡೆಯಲಾಗಲಿಲ್ಲ.